ಸಾಕ್ಷಿ ಏನಿದೆ, ಬರೆಯಿರಿ

೩ ಫೆಬ್ರವರಿ

ಪ್ರೀತಿಯ ಸಿಳ್ಳೆ,

ನಿನ್ನ ವಿಳಾಸ ಕೊಟ್ಟದ್ದು ನಿನ್ನ ಅಕ್ಕ. ಅವಳ ಮೇಲೆ ಸಿಟ್ಟಾಗಬೇಡ. ಮೂರು ಸಲ ಕೊಡುವುದಿಲ್ಲ ಎಂದಳು. ನಾಲ್ಕನೆಯ ಸಲ ನಾನು ಬಾಗಿಲಲ್ಲೇ ನಿಂತುಬಿಟ್ಟೆ, ಆಗ ಚೀಟಿಯಲ್ಲಿ ಬರೆದು ಕೈಗಿಟ್ಟಳು. ನೀನು ಫೋನು ಎತ್ತುವುದಿಲ್ಲ, ಮೆಸೇಜು ತೆರೆದು ನೋಡುವುದಿಲ್ಲ. ಇನ್ನು ಕಾಗದವೇ ಗತಿ.

ಆರು ವರ್ಷ ಒಂದೇ ಇಂಜಿನ್ನಿನಲ್ಲಿ ಕೂತವರು ನಾವು. ನಾನು ಚಾಲಕ, ನೀನು ಸಹಾಯಕ. ಸುರಂಗ ಬಂದಾಗಲೆಲ್ಲ ಸಿಳ್ಳೆ ಹಾಕುತ್ತೀಯೆಂದು ಆ ಹೆಸರಿಟ್ಟವನೂ ನಾನೇ. ಅಕ್ಟೋಬರ್ ಹತ್ತೊಂಬತ್ತರ ಬೆಳಿಗ್ಗೆ ಕಾವಲಿಲ್ಲದ ಗೇಟಿನಲ್ಲಿ ಹಾಲಿನವನ ಟೆಂಪೋ ಗಾಡಿಗೆ ನಮ್ಮ ರೈಲು ಬಡಿಯಿತಲ್ಲ, ಅವತ್ತಿನಿಂದ ನೀನು ನನ್ನ ಮುಖ ನೋಡಿಲ್ಲ. ವಿಚಾರಣೆಯ ದಿನ ಸಾಕ್ಷಿ ಹೇಳಿ ಮೆಟ್ಟಿಲಿಳಿದು ಹೋದೆ. ಹದಿನೈದು ದಿನಕ್ಕೆ ಕೆಲಸ ಬಿಟ್ಟೆಯೆಂದು ಬೇರೆಯವರ ಬಾಯಿಂದ ಕೇಳಿದೆ.

ನನ್ನ ಸುದ್ದಿ ಹೇಳುತ್ತೇನೆ. ಮನಸ್ಸು ಸರಿಹೋಗುವವರೆಗೆ ಇಂಜಿನ್ನಿಗೆ ಹತ್ತಿಸುವುದಿಲ್ಲ ಎಂದಿದ್ದಾರೆ. ದಾಸ್ತಾನು ಕೋಣೆಯಲ್ಲಿ ಕೂರಿಸಿದ್ದಾರೆ. ಕೆಲಸಕ್ಕೆ ಹೊರಟವರಿಗೆ ಬಾವುಟ, ಟಾರ್ಚು ಕೊಡಬೇಕು, ಬಂದವರಿಂದ ವಾಪಸು ತೆಗೆದುಕೊಳ್ಳಬೇಕು. ಕೂರಿಸಿದ್ದಾರೆ ಎಂದೆ. ಕೂರಲು ಎಲ್ಲಿ ಆಗುತ್ತದೆ? ಕಿಟಕಿಯಿಂದ ಕಪಾಟಿಗೆ, ಕಪಾಟಿನಿಂದ ಕಿಟಕಿಗೆ. ಸಂಜೆಯ ಹೊತ್ತಿಗೆ ಕಾಲು ಮರದ ಕೊರಡಿನಂತಾಗುತ್ತದೆ, ತಲೆ ಮಾತ್ರ ಇನ್ನೂ ಓಡುತ್ತಿರುತ್ತದೆ. ನಿದ್ದೆ ತುಂಡು ತುಂಡು. ಪಾತ್ರೆಯ ಸದ್ದಾದರೆ ಸಾಕು, ಎದೆ ಬಾಯಿಗೆ ಬರುತ್ತದೆ. ಹಾಲಿನ ಕ್ಯಾನುಗಳು ಹಳಿಯ ಮೇಲೆ ಉರುಳಿದ ಸದ್ದು ನಿನಗೂ ನೆನಪಿರಬೇಕು. ನಿನ್ನ ಅತ್ತಿಗೆ ಈಗ ಪಾತ್ರೆಗಳನ್ನು ಹಸುಗೂಸನ್ನು ಮಲಗಿಸುವ ಹಾಗೆ ಕೆಳಗಿಡುತ್ತಾಳೆ.

ಇಲಾಖೆಯವರು ಆಪ್ತ ಸಮಾಲೋಚಕಿಯೊಬ್ಬರ ಹತ್ತಿರ ಕಳಿಸಿದರು. ಹದಿನೈದು ದಿನಕ್ಕೊಮ್ಮೆ ಅವರ ಮುಂದೆ ಕೂರುತ್ತೇನೆ. ನಡುವಿನ ದಿನಗಳಿಗೆಂದು ನನ್ನ ಫೋನಿಗೆ ಒಂದು ಆ್ಯಪ್ ಹಾಕಿಕೊಟ್ಟಿದ್ದಾರೆ. ಅದಕ್ಕೆ ನಾನು 'ಮೇಷ್ಟ್ರು' ಎಂದು ಹೆಸರಿಟ್ಟಿದ್ದೇನೆ. ದಿನಾ ಪ್ರಶ್ನೆ ಕೇಳುತ್ತದೆ, ಮನೆಗೆಲಸ ಕೊಡುತ್ತದೆ, ಮಾಡದಿದ್ದರೆ ಬೆಳಿಗ್ಗೆ ನೆನಪಿಸುತ್ತದೆ. ಐದು ಮುಖ ತೋರಿಸಿ ಇವತ್ತು ಯಾವುದು ನಿಮ್ಮದು ಎಂದು ಕೇಳುತ್ತದೆ. ಮೊದಲ ವಾರ ನಾನು ನಗುವ ಮುಖವನ್ನೇ ಒತ್ತಿದೆ, ಪರೀಕ್ಷೆಯಲ್ಲಿ ಪೂರ್ತಿ ಅಂಕ ಬೇಕೆಂಬ ಹುಡುಗನ ಹಾಗೆ. ಮಗಳು ನೋಡಿ, "ಅಪ್ಪ, ಇದಕ್ಕೆ ಸುಳ್ಳು ಹೇಳಿ ನಿಮಗೇನು ಸಿಗುತ್ತೆ?" ಎಂದಳು. ಆಮೇಲೆ ನಿಜವನ್ನೇ ಒತ್ತುತ್ತಿದ್ದೇನೆ. ಅದರಲ್ಲೊಂದು ನೀಲಿ ಉಂಗುರವಿದೆ. ಅದು ಹಿಗ್ಗಿದಾಗ ಉಸಿರು ಎಳೆಯಬೇಕು, ಕುಗ್ಗಿದಾಗ ಬಿಡಬೇಕು. ನಗಬೇಡ, ಅದರಿಂದ ತುಸು ನಿದ್ದೆ ಹತ್ತುತ್ತಿದೆ.

ಈಗ ವಿಷಯಕ್ಕೆ ಬರುತ್ತೇನೆ. ಮೇಷ್ಟ್ರು ಒಂದು ಪಟ್ಟಿ ಕೊಟ್ಟಿದ್ದಾರೆ. ಮೊದಲ ಕಾಲಂನಲ್ಲಿ, ನಿಮ್ಮನ್ನು ಕಾಡುವ ಯೋಚನೆ ಯಾವುದು? ನಾನು ಬರೆದೆ: 'ಹಾರ್ನ್ ಹೊಡೆಯದೆ ಒಬ್ಬನನ್ನು ಕೊಂದೆ.' ಎರಡನೆಯದರಲ್ಲಿ, ಅದನ್ನು ಎಷ್ಟು ನಂಬುತ್ತೀರಿ, ನೂರಕ್ಕೆ? ತೊಂಬತ್ತೈದು. ಮೂರನೆಯದರಲ್ಲಿ, 'ಸಾಕ್ಷಿ ಏನಿದೆ, ಬರೆಯಿರಿ.'

ಅಲ್ಲಿಗೆ ಬಂದು ಐದು ವಾರದಿಂದ ನಿಂತಿದ್ದೇನೆ. ಯಾಕೆಂದರೆ ನನಗೆ ನೆನಪಿಲ್ಲ, ಸಿಳ್ಳೆ. ಗೇಟಿಗೆ ಮುಂಚೆ ಹಾರ್ನ್ ಹೊಡೆಯಬೇಕಾದ ಜಾಗದಲ್ಲಿ ಹಳದಿ ಬೋರ್ಡು ಇದೆಯಲ್ಲ, ಅದು ಬಂದದ್ದು ನೆನಪಿಲ್ಲ. ಕೈಯಲ್ಲಿ ಏನನ್ನೋ ಗಟ್ಟಿಯಾಗಿ ಹಿಡಿದಿದ್ದು ನೆನಪಿದೆ, ಸದ್ದು ನೆನಪಿಲ್ಲ. ವೇಗವನ್ನು, ಬ್ರೇಕನ್ನು ಇಂಜಿನ್ನಿನ ಯಂತ್ರ ಬರೆದುಕೊಂಡಿದೆ. ಹಾರ್ನನ್ನು ಬರೆದುಕೊಳ್ಳುವುದಿಲ್ಲ, ನಮ್ಮದು ಹಳೆಯದು. ಹಿಂದಿದ್ದ ಗಾರ್ಡಿಗೆ ಗಾಳಿಯಲ್ಲಿ ಏನೂ ಕೇಳಿಸಿಲ್ಲ. ಇದ್ದವನು ನೀನೊಬ್ಬ.

ನಾನು ಹಾರ್ನ್ ಹೊಡೆದೆನೇ? ಕಚೇರಿಗೆ ಹೇಳಿದ್ದಲ್ಲ, ನೀನು ಕಂಡದ್ದು ಬೇಕು. ಇಷ್ಟೇ ಪ್ರಶ್ನೆ.

ನಿನ್ನ,
ಅಣ್ಣ

೨೦ ಫೆಬ್ರವರಿ

ಅಣ್ಣನವರಿಗೆ ನಮಸ್ಕಾರ.

ಕಾಗದ ತಲುಪಿತು. ಅತ್ತಿಗೆಗೆ, ಮಗಳಿಗೆ ನನ್ನ ನೆನಪು ತಿಳಿಸಿ.

ನಾನು ಇಲ್ಲಿ ಒಂದು ದೊಡ್ಡ ಹೋಟೆಲಿನ ಬಟ್ಟೆ ಒಗೆಯುವ ವಿಭಾಗದಲ್ಲಿದ್ದೇನೆ. ನೆಲಮಾಳಿಗೆ. ದಿನಕ್ಕೆ ನಾನೂರು ಹಾಸಿಗೆ ಹೊದಿಕೆ ನನ್ನ ಕೈಮೇಲೆ ಹೋಗುತ್ತವೆ. ಯಂತ್ರಗಳ ಸದ್ದಿಗೆ ಪಕ್ಕದಲ್ಲಿದ್ದವರು ಕೂಗಿದರೂ ಕೇಳಿಸುವುದಿಲ್ಲ. ನನಗೆ ಅದೇ ಹಿತವಾಗಿದೆ.

ನೀವು ಕೇಳಿದ್ದಕ್ಕೆ ಉತ್ತರ: ಚಾಲಕರು ಫಲಕದ ಬಳಿ ನಿಯಮದ ಪ್ರಕಾರ ದೀರ್ಘವಾಗಿ ಹಾರ್ನ್ ಮಾಡಿದರು. ಗೇಟು ಕಂಡ ಮೇಲೂ ಮಾಡಿದರು. ಅಡಚಣೆ ಕಂಡ ತಕ್ಷಣ ತುರ್ತು ಬ್ರೇಕ್ ಹಾಕಿದರು. ನಿಮ್ಮ ತಪ್ಪೇನೂ ಇಲ್ಲ. ನಿಮ್ಮ ಆ್ಯಪಿನಲ್ಲಿ ಹೀಗೇ ಬರೆಯಿರಿ.

ಇನ್ನು ಈ ವಿಷಯ ಕೇಳಬೇಡಿ ಎಂದು ವಿನಂತಿ.

ಇಂತಿ,
ನಿಮ್ಮ ಸಹಾಯಕ

೨ ಮಾರ್ಚ್

ಪ್ರೀತಿಯ ಸಿಳ್ಳೆ,

ನೀನು ಬರೆದಂತೆಯೇ ಮೂರನೆಯ ಕಾಲಂನಲ್ಲಿ ತುಂಬಿಸಿದೆ. ಮೇಷ್ಟ್ರು ಮತ್ತೆ ಕೇಳಿದರು, ಈಗ ಎಷ್ಟು ನಂಬುತ್ತೀರಿ? ತೊಂಬತ್ತೈದೇ ಒತ್ತಿದೆ. ಬೆರಳು ಕೆಳಗಿಳಿಯಲಿಲ್ಲ.

ಯಾಕೆಂದು ಹೇಳಲೇ? 'ಚಾಲಕರು' ಎಂದು ಬರೆದಿದ್ದೀಯ. ಆರು ವರ್ಷದಲ್ಲಿ ಒಂದು ದಿನವೂ ನೀನು ನನ್ನನ್ನು ಹಾಗೆ ಕರೆದವನಲ್ಲ. ವಿಚಾರಣೆಯ ವರದಿಯ ಪ್ರತಿ ನನ್ನ ಹತ್ತಿರವಿದೆ. ತೆಗೆದು ಪಕ್ಕಕ್ಕಿಟ್ಟು ನೋಡಿದೆ. ಒಂದು ಅಕ್ಷರ ಆಚೀಚೆ ಇಲ್ಲ. ನೀನು ಕಂಡದ್ದನ್ನು ಕೇಳಿದರೆ ನನಗೆ ಕಚೇರಿಯ ನಕಲು ಕಳಿಸಿದ್ದೀಯ.

ಸಿಟ್ಟಿನಿಂದ ಬರೆಯುತ್ತಿಲ್ಲ. ಇಲ್ಲ, ಸ್ವಲ್ಪ ಸಿಟ್ಟು ಇದೆ. ಈ ಕಾಗದಕ್ಕೆ ಕೂತು ಮೂರು ಸಲ ಎದ್ದು ಹೋಗಿ ಬಂದೆ. ನಿನ್ನೆ ಸಮಾಲೋಚಕಿಯವರ ಮುಂದೆಯೂ ಹಾಗೆಯೇ ಎದ್ದೆದ್ದು ಓಡಾಡಿದೆ. ಅವರು ಕುರ್ಚಿ ಬಿಟ್ಟು ಎದ್ದು, ಬನ್ನಿ ನಡೆಯುತ್ತಲೇ ಮಾತಾಡೋಣ ಎಂದರು. ಆಸ್ಪತ್ರೆಯ ಅಂಗಳವನ್ನು ಒಂಬತ್ತು ಸುತ್ತು ಹಾಕಿದೆವು. ನನಗೆ ಸುಳ್ಳು ಸಮಾಧಾನ ಬೇಡ ಎಂದೆ. ಅದಕ್ಕೆ ಅವರು, ಆ ಪಟ್ಟಿ ಇರುವುದು ಸಮಾಧಾನ ಮಾಡುವುದಕ್ಕಲ್ಲ, ಯೋಚನೆಯನ್ನು ಬೆಳಕಿಗೆ ಹಿಡಿದು ನೋಡುವುದಕ್ಕೆ, ಏನು ಕಂಡೀತೋ ಮೊದಲೇ ಹೇಳಲು ಬರುವುದಿಲ್ಲ ಎಂದರು. ಕಂಡದ್ದು ಕೆಟ್ಟದ್ದಾಗಿದ್ದರೆ ಎಂದು ಕೇಳಿದೆ. ಆಗಲೂ ಹದಿನೈದು ದಿನಕ್ಕೊಮ್ಮೆ ನಾನು ಇಲ್ಲಿ ಇರುತ್ತೇನಲ್ಲ ಎಂದರು.

ನಿನಗೂ ಅವರು ಈ ಆ್ಯಪ್ ಹಾಕಿಕೊಟ್ಟಿದ್ದರಂತೆ. ಒಂದೇ ಸಲ ಹೋಗಿ ಬಿಟ್ಟೆಯಂತೆ. ಅದಕ್ಕಿಂತ ಹೆಚ್ಚು ಹೇಳಲಿಲ್ಲ, ನಾನೂ ಕೇಳಲಿಲ್ಲ. ಆ ನೀಲಿ ಉಂಗುರವನ್ನಾದರೂ ನೋಡು. ನಿದ್ದೆ ಬರುತ್ತಿದೆಯೇ ನಿನಗೆ? ಊಟ? ನಾನೂರು ಹೊದಿಕೆಯ ಲೆಕ್ಕ ಬರೆದೆ, ನಿನ್ನ ಬಗ್ಗೆ ಒಂದು ಸಾಲೂ ಬರೆಯಲಿಲ್ಲ.

ನಿನ್ನ,
ಅಣ್ಣ

೧೦ ಏಪ್ರಿಲ್

ಸಿಳ್ಳೆ,

ಐದು ವಾರವಾಯಿತು. ಕಾಗದ ಹಿಂದಿರುಗಿ ಬಂದಿಲ್ಲ, ಅಂದರೆ ನಿನಗೆ ತಲುಪಿದೆ.

ಹೋದ ವಾರ ನನ್ನ ಸ್ಥಿತಿ ಹದಗೆಟ್ಟಿತು. ದಾಸ್ತಾನು ಕೋಣೆಯ ಹಿಂದೆ ಯಾರೋ ಕಬ್ಬಿಣದ ಸಾಮಾನು ಕೆಡವಿದರು. ನಾನು ಮೇಜಿನ ಕೆಳಗಿದ್ದೆ. ಹೇಗೆ ಅಲ್ಲಿಗೆ ಹೋದೆನೋ ತಿಳಿಯದು. ಟಾರ್ಚು ಪಡೆಯಲು ಬಂದಿದ್ದ ಹೊಸ ಚಾಲಕಿ ಏನೂ ಕೇಳದೆ ತಾನೂ ನೆಲದ ಮೇಲೆ ಕೂತಳು. ತನ್ನ ಫೋನು ತೆಗೆದು, "ಇದೇ ಉಂಗುರ ತಾನೆ ನಿಮ್ಮದೂ?" ಎಂದು ಮುಂದೆ ಹಿಡಿದಳು. ಅವಳ ಹತ್ತಿರವೂ ಮೇಷ್ಟ್ರಿದ್ದಾರೆ, ನೋಡು. ಎಷ್ಟು ಜನರ ಜೇಬಿನಲ್ಲಿ ಇದು ಕೂತಿದೆಯೋ, ಯಾರೂ ಬಾಯಿ ಬಿಡುವುದಿಲ್ಲ.

ಅವತ್ತು ಮೇಷ್ಟ್ರು ಹೊಸದೊಂದು ಹಾಳೆ ತೋರಿಸಿದರು. ತೀರಾ ಕಷ್ಟವಾದಾಗ ಯಾರಿಗೆ ಹೇಳುತ್ತೀರಿ, ಮೂರು ಹೆಸರು. ಮೊದಲನೆಯದು ನಿನ್ನ ಅತ್ತಿಗೆ, ಎರಡನೆಯದು ಮಗಳು. ಮೂರನೆಯದಕ್ಕೆ ನಿನ್ನ ಹೆಸರು ಬರೆದೆ. ನೀನು ಎತ್ತದ ಫೋನಿನ ನಂಬರನ್ನೇ ಹಾಕಿದೆ. ನಿನ್ನನ್ನು ಕೇಳದೆ ಬರೆದದ್ದು ತಪ್ಪಾದರೆ ಹೇಳು, ಅಳಿಸುತ್ತೇನೆ.

ಆ ಪ್ರಶ್ನೆಗೆ ಉತ್ತರ ಬೇಡ. ನೀನು ಹೇಗಿದ್ದೀಯ, ಅದನ್ನು ಬರೆ.

ಅಣ್ಣ

೨೮ ಏಪ್ರಿಲ್

ಅಣ್ಣಾ,

ಹೆಸರು ಅಳಿಸಬೇಡಿ.

ಇದನ್ನು ಆರು ದಿನದಿಂದ ಬರೆಯುತ್ತಿದ್ದೇನೆ. ಬರೆದದ್ದನ್ನು ಹರಿಯುತ್ತೇನೆ, ಮತ್ತೆ ಕೂರುತ್ತೇನೆ. ಇವತ್ತು ಮುಗಿಸಿ ಡಬ್ಬಿಗೆ ಹಾಕಿಯೇ ಮನೆಗೆ ಬರುತ್ತೇನೆ.

ಮೊದಲು ನನ್ನ ವಿಷಯ. ಏಪ್ರಿಲ್ ಮೊದಲ ವಾರ ಇಲ್ಲಿ ಒಂದು ಅವಘಡವಾಯಿತು. ಬಿಸಿ ರೋಲರಿಗೆ ಹೊದಿಕೆ ಕೊಡುವ ಹೆಂಗಸೊಬ್ಬರಿದ್ದಾರೆ, ಎಲ್ಲರೂ ದೊಡ್ಡಮ್ಮ ಎನ್ನುತ್ತೇವೆ. ಅವರ ತೋಳಿನ ಬಟ್ಟೆ ರೋಲರಿಗೆ ಸಿಕ್ಕಿತು. ನಾನು ಎರಡು ಮಾರು ದೂರದಲ್ಲಿದ್ದೆ. ಯಂತ್ರ ನಿಲ್ಲಿಸುವ ಕೆಂಪು ಗುಂಡಿ ನನ್ನ ಮೊಣಕೈಯ ಪಕ್ಕದಲ್ಲೇ ಇತ್ತು. ಅವರ ಕೈ ಒಳಗೆ ಹೋಗುತ್ತಿರುವುದನ್ನು ನೋಡುತ್ತ ನಿಂತೆ, ಅಣ್ಣಾ. ಬಾಯಿ ತೆರೆದೆ, ಸದ್ದು ಬರಲಿಲ್ಲ. ಆ ಕಡೆಯಿಂದ ಒಬ್ಬ ಹಾರಿ ಬಂದು ಗುಂಡಿ ಒತ್ತಿದ. ಎರಡು ಬೆರಳು ಸುಟ್ಟವು, ಕೈ ಉಳಿಯಿತು. ದೊಡ್ಡಮ್ಮ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ನಾಲ್ಕು ದಿನ ಕೆಲಸಕ್ಕೆ ಹೋಗಲಿಲ್ಲ. ನಾನಿದ್ದ ಕಡೆಯೆಲ್ಲ ಹೀಗೇ ಆಗುತ್ತದೆ, ನಾನೇ ಇಲ್ಲದಿದ್ದರೆ ಎಲ್ಲರೂ ಸುರಕ್ಷಿತ ಎಂಬ ಯೋಚನೆ ಹಿಡಿಯಿತು. ಹಿಡಿದದ್ದು ಬಿಡಲಿಲ್ಲ. ಐದನೆಯ ದಿನ ಮಧ್ಯಾಹ್ನ, ಬಾಡಿಗೆ ಕೋಣೆಯ ಹೊರಗೆ ನೆರಳಿನಲ್ಲಿದ್ದ ಮೆಟ್ಟಿಲ ಮೇಲೆ ಕೂತು ಫೋನಿನಲ್ಲಿದ್ದುದನ್ನೆಲ್ಲ ಅಳಿಸುತ್ತಿದ್ದೆ, ಹೊರಡುವ ಮುಂಚೆ ಮನೆ ಖಾಲಿ ಮಾಡುವ ಹಾಗೆ. ಆಗ ಆ ಆ್ಯಪ್ ಸಿಕ್ಕಿತು. ಅಳಿಸುವ ಬದಲು ತೆರೆದೆ. ಐದು ಮುಖ ಬಂತು. ಕೊನೆಯದನ್ನು ಒತ್ತಿದೆ. ಅದು ಉಸಿರು ಎಳೆಯಿರಿ ಎನ್ನಲಿಲ್ಲ. 'ಈಗಲೇ ಒಬ್ಬರ ಜೊತೆ ಮಾತಾಡಿ' ಎಂದು ಒಂದೇ ಒಂದು ಗುಂಡಿ ತೋರಿಸಿತು.

ಆ ಗುಂಡಿಯನ್ನು ಒತ್ತಿದೆ.

ಹೆಂಗಸೊಬ್ಬರು ಎತ್ತಿದರು. ಹೆಸರು ಕೇಳಲಿಲ್ಲ. "ಈಗ ಎಲ್ಲಿ ಕೂತಿದ್ದೀರಿ?" ಎಂದರು. ಮೆಟ್ಟಿಲ ಮೇಲೆ ಎಂದೆ. "ಮೆಟ್ಟಿಲು ತಣ್ಣಗಿದೆಯಾ?" ಎಂದು ಕೇಳಿದರು. ಕೈಯಿಟ್ಟು ನೋಡಿ ಹೌದು ಎಂದೆ. ಆಮೇಲೆ ನೇರವಾಗಿಯೇ ಕೇಳಿದರು, ಸಾಯುವ ಯೋಚನೆ ಮಾಡುತ್ತಿದ್ದೀರಾ ಎಂದು. ಅಷ್ಟು ನೇರವಾಗಿ ಯಾರೂ ಕೇಳಿರಲಿಲ್ಲ. ಹೌದು ಎಂದುಬಿಟ್ಟೆ. ಐವತ್ತು ನಿಮಿಷ ಫೋನು ಇಡಲಿಲ್ಲ ಅವರು. ನಾನು ಅಕ್ಕನಿಗೆ ತಿಳಿಸಿ, ಅವಳು ಬಸ್ಸು ಹತ್ತಿದ್ದೇನೆ ಎನ್ನುವವರೆಗೂ ಇದ್ದರು. ಈಗ ಅಕ್ಕ ನನ್ನ ಜೊತೆಗಿದ್ದಾಳೆ. ವೈದ್ಯರು ಮಾತ್ರೆ ಕೊಟ್ಟಿದ್ದಾರೆ. ವಾರಕ್ಕೊಂದು ಸಲ ಹೋಗುತ್ತೇನೆ. ನಿಮ್ಮ ಕಾಗದ ಅದರ ಮರುದಿನ ಬಂತು. ಮೂರನೆಯ ಹೆಸರು ನನ್ನದು ಎಂದು ಓದಿ ಅಳು ತಡೆಯಲಾಗಲಿಲ್ಲ.

ಈಗ ಅವತ್ತಿನ ಮಾತು.

ಹಿಂದಿನ ದಿನ ನನ್ನ ಬಡ್ತಿ ಪರೀಕ್ಷೆಯ ಫಲಿತಾಂಶ ಬಂದಿತ್ತು. ಮೂರನೆಯ ಸಲವೂ ಫೇಲು. ಮನೆಯಲ್ಲಿ ಹೇಳಿರಲಿಲ್ಲ. ಬೆಳಿಗ್ಗೆ ಇಂಜಿನ್ನಿನಲ್ಲಿ ನೀವು ಏನು ಸಿಳ್ಳೆ, ಇವತ್ತು ಸಿಳ್ಳೆಯೇ ಇಲ್ಲವಲ್ಲ ಎಂದಿರಿ. ಅಷ್ಟಕ್ಕೇ ನನಗೆ ಅಳು ಬಂತು. ನನ್ನ ಜಾಗ ಬಿಟ್ಟು ಎದ್ದು ನಿಮ್ಮ ಪಕ್ಕದಲ್ಲಿ ಬಂದು ನಿಂತೆ, ಮಗುವಿನ ಹಾಗೆ ಅತ್ತೆ. ನೀವು ತಿರುಗಿ ನನ್ನ ಹೆಗಲು ಹಿಡಿದಿರಿ. "ಪರೀಕ್ಷೆ ಎಲ್ಲಿಗೂ ಓಡಿ ಹೋಗಲ್ಲ ಕಣೋ. ಮುಂದಿನ ಸಲ ನಾನೇ ಕೂರಿಸಿಕೊಂಡು ಓದಿಸ್ತೀನಿ," ಎಂದಿರಿ. ನೀವು ಹಾಗೆ ಹೇಳುತ್ತಿರುವಾಗಲೇ ಹಳದಿ ಬೋರ್ಡು ಹಿಂದೆ ಹೋಯಿತು. ನಾನು ಅದನ್ನು ನೋಡಿದೆ. ನೋಡಿಯೂ ಬಾಯಿ ಬಿಡಲಿಲ್ಲ, ಯಾಕೆಂದರೆ ಅಳುತ್ತಿದ್ದೆ.

ನೀವು ಗಟ್ಟಿಯಾಗಿ ಹಿಡಿದದ್ದು ಹಾರ್ನಿನ ಹಿಡಿಕೆಯಲ್ಲ. ನನ್ನ ಹೆಗಲು.

ತಿರುವು ದಾಟಿ, ಹಳಿಯ ಮೇಲೆ ಕೆಟ್ಟು ನಿಂತ ಗಾಡಿ ಕಂಡಾಗ ನೀವು ಬ್ರೇಕು ಹಾಕಿದಿರಿ. ನಾನು ನಿಮ್ಮ ಮೇಲಿಂದ ಬಾಗಿ ಹಿಡಿಕೆ ಎಳೆದೆ. ಅದೊಂದೇ ಹಾರ್ನು, ತಡವಾದ ಹಾರ್ನು. ಬೋರ್ಡಿನ ಹತ್ತಿರವೇ ಹೊಡೆದಿದ್ದರೆ ಅವನು ಇಳಿದು ಓಡುತ್ತಿದ್ದನೋ ಇಲ್ಲವೋ ನನಗೆ ಗೊತ್ತಿಲ್ಲ.

ವಿಚಾರಣೆಯಲ್ಲಿ ನೀವು ನೆನಪಿಲ್ಲ ಎಂದಿರಿ. ನಿಜ ಹೇಳಿದರೆ ನಿಮ್ಮ ಕೆಲಸ ಹೋಗುತ್ತದೆ ಎಂದು ಸುಳ್ಳು ಹೇಳಿದೆ, ಎಂದು ನನಗೇ ಹೇಳಿಕೊಂಡೆ. ಆದರೆ ಪೂರ್ತಿ ನಿಜ ಅದಲ್ಲ. ಒಂದು ಪರೀಕ್ಷೆಗಾಗಿ ಅತ್ತು ಒಬ್ಬನ ಜೀವ ಹೋಯಿತು ಎಂದು ಹೇಳಲು ನಾಚಿಕೆಯಾಯಿತು. ನಿಮ್ಮನ್ನು ನೋಡಿದರೆ ಹೇಳಿಬಿಡುತ್ತೇನೆಂದು ಓಡಿಬಂದೆ.

ಇದನ್ನು ಮೂರನೆಯ ಕಾಲಂನಲ್ಲಿ ಬರೆದುಕೊಳ್ಳಿ. ನನ್ನ ಮೇಲೆ ಸಿಟ್ಟು ಬಂದರೆ ಅದನ್ನೂ ಬರೆಯಿರಿ.

ಸಿಳ್ಳೆ

೯ ಮೇ

ಸಿಳ್ಳೆ,

ನೀನು ಬದುಕಿದ್ದೀಯ. ಮೊದಲು ಇದನ್ನು ಬರೆಯುತ್ತೇನೆ. ಮಿಕ್ಕದ್ದೆಲ್ಲ ಇದರ ಆಮೇಲೆ. ಅಕ್ಕನನ್ನು ಬೇಗ ವಾಪಸು ಕಳಿಸಬೇಡ. ಮಾತ್ರೆ ಬಿಡಬೇಡ.

ಕಾಗದವನ್ನು ದಾಸ್ತಾನು ಕೋಣೆಯ ಹೊರಗಿನ ಬೆಂಚಿನ ಮೇಲೆ ಓದಿದೆ. ಓದಿ ನೇರವಾಗಿ ಎದ್ದು ನಡೆದೆ. ಎಷ್ಟು ದೂರ ನಡೆದೆನೆಂದು ಮೇಷ್ಟ್ರು ಆಮೇಲೆ ಹೇಳಿದರು, ಹದಿನಾಲ್ಕು ಕಿಲೋಮೀಟರು. ಶಭಾಷ್ ಎಂದು ಒಂದು ನಕ್ಷತ್ರವನ್ನೂ ಕೊಟ್ಟರು. ಪಾಪ, ಅದಕ್ಕೇನು ಗೊತ್ತು. ನಾನು ಫೋನನ್ನು ಡ್ರಾಯರಿಗೆ ಹಾಕಿ ಮೂರು ದಿನ ಮುಟ್ಟಲಿಲ್ಲ.

ಸಿಟ್ಟು ಬಂತು. ಆರು ತಿಂಗಳು ನನ್ನನ್ನು ಕತ್ತಲಲ್ಲಿ ತಡಕಾಡಲು ಬಿಟ್ಟೆಯಲ್ಲ ಎಂದು ಬಂತು. ನೀನು ಎದುರಿಗಿದ್ದರೆ ಕೂಗಾಡುತ್ತಿದ್ದೆ. ಆಮೇಲೆ ನೀನು ಕೂತಿದ್ದ ಆ ಮೆಟ್ಟಿಲು ಕಣ್ಣಿಗೆ ಕಟ್ಟಿತು. ಇನ್ನೊಂದು ಮಾತು. ಹಾರ್ನು ನನ್ನ ಕೆಲಸ. ನೀನು ಅತ್ತರೂ, ಇಂಜಿನ್ನಿಗೇ ಬೆಂಕಿ ಬಿದ್ದರೂ ಆ ಬೋರ್ಡನ್ನು ನೋಡಬೇಕಾದವನು ನಾನು. ಒಬ್ಬ ಅಳುವುದು ತಪ್ಪಲ್ಲ. ಅದನ್ನು ನಿನ್ನ ಪಟ್ಟಿಯಲ್ಲಿ ಬರೆದುಕೊ, ಸಾಕ್ಷಿಗೆ ನಾನಿದ್ದೇನೆ.

ಸಮಾಲೋಚಕಿಯವರ ಮುಂದೆ ಕೂತು ಪಟ್ಟಿ ತೆರೆದೆ. ನನ್ನ ಯೋಚನೆಯನ್ನು ಅವರು ಎರಡು ಮಾಡಿಸಿದರು. 'ಬೋರ್ಡಿನ ಹತ್ತಿರ ಹಾರ್ನ್ ಹೊಡೆಯಲಿಲ್ಲ' ಎಂಬುದು ಒಂದು. ಅದಕ್ಕೆ ನೂರಕ್ಕೆ ನೂರು ಹಾಕಿದೆ. 'ನಾನು ಅವನನ್ನು ಕೊಂದೆ' ಎಂಬುದು ಇನ್ನೊಂದು. ಅಲ್ಲಿ ಬೆರಳು ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಅಲೆಯಿತು. ಅರವತ್ತಕ್ಕೆ ನಿಂತಿತು. ಕಡಿಮೆಯಾಯಿತೆಂದು ಖುಷಿಯಾಗಲಿಲ್ಲ. ಆದರೆ ಅವತ್ತು ಮಧ್ಯಾಹ್ನ ದಾಸ್ತಾನು ಕೋಣೆಯ ಕುರ್ಚಿಯಲ್ಲಿ ಕೂತಿದ್ದೆ. ಕೂತಿದ್ದೇನೆಂದು ಗೊತ್ತಾಗಲು ಅರ್ಧ ಗಂಟೆ ಬೇಕಾಯಿತು.

ಈಗ ನಿನ್ನನ್ನು ಒಂದು ಮಾತು ಕೇಳಬೇಕು. ಇದನ್ನು ನಾನು ಕಚೇರಿಯಲ್ಲಿ ಹೇಳಬೇಕು. ಸತ್ತವನ ತಾಯಿಗೆ ಹೋಗಿರುವ ಕಾಗದದಲ್ಲಿ, ಎಲ್ಲ ನಿಯಮ ಪಾಲಿಸಲಾಗಿತ್ತು, ಹಾರ್ನ್ ಕೇಳಿಯೂ ಗಾಡಿಯವನು ದಾರಿ ಬಿಡಲಿಲ್ಲ ಎಂದಿದೆ. ಅಂದರೆ ತಪ್ಪು ಅವನದೇ. ಅದು ಹಾಗೆಯೇ ಉಳಿಯಬಾರದು. ನಿನ್ನ ಅತ್ತಿಗೆಗೆ ಇದು ಇಷ್ಟವಿಲ್ಲ. "ಈಗಷ್ಟೇ ನಾಲ್ಕು ತುತ್ತು ನೆಟ್ಟಗೆ ಉಣ್ತಾ ಇದ್ದೀರಿ. ಯಾರನ್ನು ಉದ್ಧಾರ ಮಾಡೋಕೆ ಹೊರಟಿರಿ?" ಎಂದಳು. ಬಾಗಿಲು ಹಾಕಿಕೊಂಡು ಅತ್ತಳು.

ನಿನ್ನ ಹೆಸರು ತರದೆ ಹೇಳಲು ಆಗುವುದಿಲ್ಲ. ಸುಳ್ಳು ಸಾಕ್ಷಿ ನಿನ್ನ ತಲೆಗೆ ಬರುತ್ತದೆ. ಮೊದಲು ನಿನ್ನ ವೈದ್ಯರನ್ನು ಕೇಳು, ಇದನ್ನು ತಾಳುವ ಸ್ಥಿತಿಯಲ್ಲಿದ್ದೀಯಾ ಎಂದು. ಅವರು ಬೇಡವೆಂದರೆ ಕಾಯುತ್ತೇನೆ. ಎಷ್ಟು ದಿನವಾದರೂ.

ಅಣ್ಣ

೨೧ ಮೇ

ಅಣ್ಣಾ,

ವೈದ್ಯರನ್ನು ಕೇಳಿದೆ. ಒಬ್ಬನೇ ಹೋಗಬೇಡ, ಒಬ್ಬನೇ ವಾಪಸು ಬರಬೇಡ ಎಂದರು. ಅಕ್ಕ ಬರುತ್ತಾಳೆ.

ಜೂನ್ ಮೂರು, ಸೋಮವಾರ, ಬೆಳಿಗ್ಗೆ ಹತ್ತು ಗಂಟೆ. ಕಚೇರಿಯ ಮೆಟ್ಟಿಲ ಹತ್ತಿರ ಇರುತ್ತೇನೆ. ನಾನು ಬರುವ ಮುಂಚೆ ಒಳಗೆ ಹೋಗಬೇಡಿ. ಸುಳ್ಳು ಹೇಳಿದವನು ನಾನು, ಮೊದಲು ನಾನೇ ಮಾತಾಡಬೇಕು.

ಅತ್ತಿಗೆಗೆ ನನ್ನ ಮೇಲೆ ಸಿಟ್ಟಿದ್ದರೆ ಅದು ನ್ಯಾಯವೇ.

ಭಯವಾಗುತ್ತಿದೆ. ಮುಖಗಳಲ್ಲಿ ನಾಲ್ಕನೆಯದನ್ನು ಒತ್ತಿದ್ದೇನೆ, ಕೊನೆಯದನ್ನಲ್ಲ.

ಸಿಳ್ಳೆ

೧೪ ಜುಲೈ

ಪ್ರೀತಿಯ ಸಿಳ್ಳೆ,

ಅವತ್ತು ಕಚೇರಿಯಲ್ಲಿ ಎಲ್ಲ ಹೇಳಿ ಮುಗಿಸಿ ನೀನು, ಅಕ್ಕ ಬಸ್ಸು ಹತ್ತಿದ ಮೇಲೆ ಏನಾಯಿತೆಂದು ಕೇಳಿದ್ದೀಯ. ಫೋನಿನಲ್ಲಿ ಹೇಳಬಹುದಿತ್ತು, ಈಗ ನೀನು ಎತ್ತುತ್ತೀಯಲ್ಲ. ಆದರೆ ಇದು ಫೋನಿನಲ್ಲಿ ಬರುವ ಮಾತಲ್ಲ.

ಕಚೇರಿಯ ತೀರ್ಮಾನ ಬಂದಿದೆ. ನಾನು ಇನ್ನು ಯಾವತ್ತೂ ರೈಲು ಓಡಿಸುವಂತಿಲ್ಲ. ದಾಸ್ತಾನು ಕೋಣೆಯೇ ಖಾಯಂ. ನಿನ್ನ ಕಡತದಲ್ಲಿ ಸುಳ್ಳು ಸಾಕ್ಷಿಯೆಂದು ಬರೆದಿದ್ದಾರೆ, ಮತ್ತೆ ರೈಲಿನ ಕೆಲಸಕ್ಕೆ ನಿನ್ನನ್ನು ತೆಗೆದುಕೊಳ್ಳುವುದಿಲ್ಲ. ಹಾಲಿನವನ ಮನೆಗೆ ಹೊಸ ಕಾಗದ ಹೋಗಿದೆ. ಆದೇಶ ಓದಿ ಎರಡು ದಿನ ನನಗೆ ಬಾಯಿ ರುಚಿಯೇ ಇರಲಿಲ್ಲ. ಮೂವತ್ತೊಂದು ವರ್ಷ ಓಡಿಸಿದವನು. ನಿನ್ನ ಅತ್ತಿಗೆ ಆ ಕಾಗದವನ್ನು ಮಡಿಸಿ ಕಪಾಟಿನಲ್ಲಿಟ್ಟಳು. ಸಂಜೆ ನನ್ನ ಜೊತೆ ನಡೆಯಲು ಬಂದಳು, ಮದುವೆಯಾದ ಮೇಲೆ ಮೊದಲ ಸಲ.

ಕಾಗದವೊಂದೇ ಸಾಲದು ಅನ್ನಿಸಿತು. ನಿನ್ನೆ ಅವನ ಮನೆಗೆ ಹೋಗಿದ್ದೆ. ಸಮಾಲೋಚಕಿಯವರು ಮೊದಲು ಅವನ ಮನೆಯವರನ್ನು ಕೇಳಿದರು, ಬರಬಹುದೇ ಎಂದು. ಒಂದು ವಾರ ಉತ್ತರವಿರಲಿಲ್ಲ. ಆಮೇಲೆ ಬರಲಿ ಎಂದರಂತೆ. ಅವನ ತಾಯಿಯೊಬ್ಬರೇ ಇದ್ದರು. ಅರವತ್ತು ದಾಟಿದವರು, ಕನ್ನಡಕಕ್ಕೆ ಒಂದು ಕಡೆ ದಾರ ಕಟ್ಟಿದ್ದಾರೆ. ಕುರ್ಚಿ ತೋರಿಸಿದರು. ಎಲ್ಲ ಹೇಳಿದೆ. ನೀನು ಅತ್ತದ್ದು, ನಾನು ತಿರುಗಿದ್ದು, ಬೋರ್ಡು, ತಡವಾದ ಹಾರ್ನು. ಬಂದಾಗ ಕೊಟ್ಟ ನೀರು ಹಾಗೆಯೇ ಇತ್ತು.

ಅವರು ಅಳಲಿಲ್ಲ, ಬೈಯಲಿಲ್ಲ. ಕ್ಷಮಿಸಿದ್ದೇನೆ ಎಂದೂ ಅನ್ನಲಿಲ್ಲ. "ಇನ್ನೊಂದು ಸಲ ಹೇಳಿ. ಮೊದಲಿಂದ," ಎಂದರು.

ಮೊದಲಿಂದ ಹೇಳಿದೆ. ನಡುನಡುವೆ ನಿಲ್ಲಿಸಿ ಕೇಳಿದರು. ಗಾಡಿ ಯಾವ ಕಡೆ ತಿರುಗಿತ್ತು? ಬಾಗಿಲು ತೆರೆದಿತ್ತೇ? ಅವನು ನಿಮ್ಮ ಕಡೆ ನೋಡಿದನೇ? ಕೊನೆಯದಕ್ಕೆ ನೋಡಲಿಲ್ಲ ಎಂದೆ. ತಲೆ ಬಗ್ಗಿಸಿ ಗಾಡಿ ಶುರು ಮಾಡುತ್ತಿದ್ದ, ನಮ್ಮ ಕಡೆ ನೋಡಲೇ ಇಲ್ಲ. ಅದು ನಿಜ, ನಿನಗೂ ಗೊತ್ತು. ಅವರು ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು. "ಅವನಿಗೆ ಆ ಗಾಡಿ ಬಿಟ್ಟು ಬರೋಕೆ ಮನಸ್ಸಾಗ್ತಿರಲಿಲ್ಲ," ಎಂದರು. ಅಷ್ಟೇ.

ಎದ್ದು ಬಾಗಿಲವರೆಗೆ ಬಂದಾಗ, ಮುಂದಿನ ಭಾನುವಾರ ದೊಡ್ಡ ಮಗ ಊರಿಗೆ ಬರುತ್ತಾನೆ, ಅವನೂ ಕೇಳಬೇಕು ಎಂದರು. ನಾನು ಬರುತ್ತೇನೆ ಎಂದೆ. ಅವನು ಸಿಟ್ಟಿನವನು, ಏನಾದರೂ ಅಂದಾನು ಎಂದರು. ಅನ್ನಲಿ ಎಂದೆ.

ಮನೆಗೆ ಬಂದು ಮೇಷ್ಟ್ರನ್ನು ತೆರೆದೆ. ಎರಡನೆಯ ಮುಖವನ್ನೂ ಒತ್ತಲಾಗಲಿಲ್ಲ, ನಾಲ್ಕನೆಯದನ್ನೂ ಒತ್ತಲಾಗಲಿಲ್ಲ. ನಡುವಿನದನ್ನು ಒತ್ತಿದೆ. ಕಾರಣ ಬರೆಯಿರಿ ಎಂದಿತು. ಎರಡು ಗೆರೆಯ ಜಾಗವಿತ್ತು. ಮುಚ್ಚಿಟ್ಟು ಈ ಕಾಗದಕ್ಕೆ ಕೂತೆ.

ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಹೋಗುತ್ತೇನೆ. ನಿನ್ನನ್ನು ಬಾ ಎನ್ನುವುದಿಲ್ಲ. ನಿನ್ನ ವೈದ್ಯರು ಏನೆನ್ನುತ್ತಾರೋ, ನಿನ್ನ ಮನಸ್ಸು ಏನೆನ್ನುತ್ತದೋ ನೋಡು. ಆ ತಾಯಿ ಮಾತ್ರ ನಾನು ಹೊರಡುವಾಗ, ಅತ್ತ ಹುಡುಗ ಈಗ ಹೇಗಿದ್ದಾನೆ ಎಂದು ಕೇಳಿದರು. ವಾಸಿಯಾಗುತ್ತಿದ್ದಾನೆ ಎಂದು ಹೇಳಿದ್ದೇನೆ.

ನಿನ್ನ,
ಅಣ್ಣ